ಡಿಸೆಂಬರ್ ತಿಂಗಳ ಡಬ್ಬಿ

ನಮ್ಮ ಮನೆಯ ತೂಕದ ಯಂತ್ರವನ್ನು ಬಚ್ಚಲಿನ ಬಾಗಿಲ ಬಳಿ ಇಟ್ಟರೆ ಒಂದು ತೂಕ ತೋರಿಸುತ್ತದೆ, ಬಾಲ್ಕನಿಯ ಬಳಿ ಇಟ್ಟರೆ ಇನ್ನೊಂದು. ನೆಲದ ಟೈಲುಗಳು ಸಮವಾಗಿಲ್ಲದ ಹಳೆಯ ಫ್ಲ್ಯಾಟು ಇದು. ಆ ಡಿಸೆಂಬರಿನಲ್ಲಿ ನಾನು ಬೆಳಿಗ್ಗೆ ಮುಖ ತೊಳೆಯುವುದಕ್ಕೂ ಮುಂಚೆ ಯಂತ್ರವನ್ನು ಎರಡು ಕೈಯಲ್ಲಿ ಎತ್ತಿಕೊಂಡು, ಮಲಗಿದ ಮಗುವನ್ನು ಎಲ್ಲಿ ಇಳಿಸಲಿ ಎಂದು ಜಾಗ ಹುಡುಕುವವಳ ಹಾಗೆ ಮನೆಯೆಲ್ಲ ಸುತ್ತುತ್ತಿದ್ದೆ. ದೇವರ ಗೂಡಿನ ಎದುರಿನ ಟೈಲು ಎಲ್ಲಕ್ಕಿಂತ ದಯಾಳು ಎಂದು ಕಂಡುಕೊಂಡಿದ್ದೆ. ಅಲ್ಲಿ ಅರ್ಧ ಕಿಲೋ ಕಡಿಮೆ.

“ಅಮ್ಮಾ, ದಿಸ್ ಈಸ್ ಚೀಟಿಂಗ್,” ಎಂದಳು ಮಗಳು, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷೋ ಮಲಯಾಳವೋ ಬೆರೆತು ಬರುತ್ತದೆ. “ಸ್ಕ್ಯಾನ್ ಮೆಷಿನ್ ನಮ್ಮ ಗಾಡ್ ಮುಂದೆ ಇರಲ್ಲ, ಅಲ್ವಾ?”

ನಾನು ಇಳಿದೆ. ಮತ್ತೆ ಹತ್ತಿದೆ. ಕೈಬಳೆ ತೆಗೆದಿಟ್ಟು ಹತ್ತಿದೆ.

ಸ್ಕ್ಯಾನ್ ಆಗಬೇಕಿದ್ದದ್ದು ನನ್ನ ಲಿವರಿಗೆ. ತಿರುವನಂತಪುರದಲ್ಲಿರುವ ನನ್ನ ಅಕ್ಕನ ಲಿವರ್ ಕೆಟ್ಟಿತ್ತು. ಅಕ್ಕ ಕಾಫಿಯನ್ನೂ ಅರ್ಧ ಲೋಟ ಕುಡಿಯುವವಳು. ಆದರೂ ‘ಲಿವರ್’ ಎಂದ ಕೂಡಲೇ ಕೇಳಿದವರು ಕುಡಿತದ ಕಾಯಿಲೆಯೇ ಎಂಬಂತೆ ಭಾವನ ಮುಖ ನೋಡುತ್ತಿದ್ದರು. ಶರೀರವೇ ತನ್ನ ಅಂಗವನ್ನು ಬೇರೆಯವರದೆಂದು ತಿಳಿದು ಹಾಳುಮಾಡುವ ಕಾಯಿಲೆ ಅದು ಎಂದು ಡಾಕ್ಟರು ವಿವರಿಸಿದ್ದರು. ಮಾತ್ರೆಗಳು ಸಾಕಾಗುವ ಕಾಲ ಮುಗಿದಿತ್ತು. ಹತ್ತಿರದ ಸಂಬಂಧಿ ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಟ್ಟರೆ ಅದು ಅಕ್ಕನೊಳಗೆ ಬೆಳೆಯುತ್ತದೆ, ಕೊಟ್ಟವರೊಳಗೂ ಉಳಿದದ್ದು ಮತ್ತೆ ಬೆಳೆಯುತ್ತದೆ. ಭಾವನ ರಕ್ತದ ಗುಂಪು ಹೊಂದಲಿಲ್ಲ. ಅಕ್ಕನಿಗೆ ಮಕ್ಕಳಿಲ್ಲ. ನನ್ನ ರಕ್ತ ಹೊಂದಿತು.

ನವೆಂಬರಿನ ಕೊನೆಯಲ್ಲಿ ತಿರುವನಂತಪುರದ ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಆದ ಮೇಲೆ ಡಾಕ್ಟರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬೂದು ಬಣ್ಣದ ಮೋಡದಂತಹದ್ದೇನೋ ಇತ್ತು. ಅದು ನಾನು.

“ಲಿವರಿನಲ್ಲಿ ಕೊಬ್ಬಿದೆ. ಇಷ್ಟು ಕೊಬ್ಬಿರುವಾಗ ನಾವು ತೆಗೆದುಕೊಳ್ಳುವುದಿಲ್ಲ. ನಿಮಗೂ ಅಪಾಯ, ಅವರಿಗೂ ಅಪಾಯ,” ಎಂದರು. “ಐದು ಕಿಲೋ ಇಳಿಸಿ ಬನ್ನಿ. ಜನವರಿಯಲ್ಲಿ ಮತ್ತೆ ನೋಡೋಣ.” ನಾನೂ ಭಾವನೂ ಎದ್ದು ಹೊರಟಾಗ ನಗುತ್ತಾ, “ಕ್ರಿಸ್‌ಮಸ್ ಮಧ್ಯದಲ್ಲಿ ಬರುತ್ತದೆ, ಜೋಪಾನ,” ಎಂದು ಸೇರಿಸಿದರು.

ಭಾವ ನಗಲಿಲ್ಲ. ಜನವರಿ ದಾಟಿಸಿ ಕಾಯುವುದು ಬೇಡ ಎಂದು ಅವರಿಗೆ ಆಗಲೇ ಬೇರೆಯಾಗಿ ಹೇಳಿದ್ದರು. ಮೆಟ್ಟಿಲಿಳಿಯುವಾಗ ಅವರು ಆ ಮಾತನ್ನು ನನಗೆ ಹೇಳಿ, “ನಿಮ್ಮಕ್ಕನಿಗೆ ಹೇಳಬೇಡಮ್ಮಾ,” ಎಂದರು.

ಆವತ್ತಿನಿಂದ ನಾನು ಕೂತಲ್ಲಿ ಕೂರಲಾರದವಳಾದೆ. ಕೂತರೆ ಸಾಕು, ಬಲಗಡೆಯ ಪಕ್ಕೆಲುಬಿನ ಕೆಳಗೆ ಕೊಬ್ಬು ಸದ್ದಿಲ್ಲದೆ ಬಂದು ಸೇರಿಕೊಳ್ಳುತ್ತಿದೆ ಎಂದು ಅನ್ನಿಸುತ್ತಿತ್ತು. ತರಕಾರಿ ಹೆಚ್ಚುವಾಗ ಹಿಮ್ಮಡಿ ಎತ್ತಿ ಇಳಿಸುತ್ತಿದ್ದೆ. ಫೋನ್ ಬಂದರೆ ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಜಾರಕ್ಕೆ ನಡೆಯುತ್ತಾ ಮಾತಾಡುತ್ತಿದ್ದೆ. ನಮ್ಮವರು ಪೇಪರಿನಿಂದ ತಲೆಯೆತ್ತಿ, “ನೀನು ಹಾಗೆ ಓಡಾಡ್ತಿದ್ರೆ ನಂಗೆ ರೈಲ್ವೆ ಸ್ಟೇಷನ್ನಲ್ಲಿ ಕೂತ ಹಾಗಾಗುತ್ತೆ,” ಎನ್ನುತ್ತಿದ್ದರು. ಆಪರೇಷನ್ ಬಗ್ಗೆ ಅವರು ಬೇಡ ಎನ್ನಲಿಲ್ಲ. ಹೂಂ ಎಂದದ್ದೂ ಬಾಯಿಬಿಟ್ಟಲ್ಲ. ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕುವಾಗ ಪೆನ್ನನ್ನು ಸ್ವಲ್ಪ ಹೊತ್ತು ಮೇಲೆತ್ತಿ ಹಿಡಿದಿದ್ದರು, ಅಷ್ಟೆ.

ನಾವಿಬ್ಬರೂ ಮೈಸೂರಿನ ಹುಡುಗಿಯರು. ಭಾವನದು ಕೇಂದ್ರ ಸರ್ಕಾರದ ಕೆಲಸ, ನಮ್ಮವರದು ಬ್ಯಾಂಕು. ಎರಡು ಬೇರೆ ಬೇರೆ ವರ್ಗಾವಣೆಗಳು ನಮ್ಮನ್ನು ಒಂದೇ ರಾಜ್ಯಕ್ಕೆ ತಂದು ಹಾಕಿದ್ದು ನಮ್ಮ ಪುಣ್ಯ ಎಂದುಕೊಂಡಿದ್ದೆವು. ಅಕ್ಕ ತಿರುವನಂತಪುರ, ನಾನು ಕೊಚ್ಚಿಯ ಕಲೂರು. ನಡುವೆ ಅರ್ಧ ದಿನದ ರೈಲು ಮತ್ತು ಒಂದು ಸ್ಟೀಲ್ ಡಬ್ಬಿ.

ಡಬ್ಬಿಯ ವಿಷಯ ಹೇಳಬೇಕು. ಅಮ್ಮನ ಕಾಲದ್ದು, ಪಕ್ಕದಲ್ಲಿ ಕ್ಲಿಪ್ಪು ಇರುವಂಥದ್ದು, ಮುಚ್ಚಳದ ಮೇಲೆ ಒಂದು ತಗ್ಗು. ನಮ್ಮವರು ಬ್ಯಾಂಕಿನ ಕೆಲಸಕ್ಕೆಂದು ಆಗಾಗ ತಿರುವನಂತಪುರಕ್ಕೆ ಹೋಗುತ್ತಾರೆ. ಹೋಗುವಾಗ ಅವರ ಬ್ಯಾಗಿನಲ್ಲಿ ನಾನು ತುಂಬಿಸಿದ ಡಬ್ಬಿ ಹೋಗುತ್ತದೆ, ಬರುವಾಗ ಅಕ್ಕ ತುಂಬಿಸಿದ ಡಬ್ಬಿ ಬರುತ್ತದೆ. ನಮ್ಮ ಮನೆಯಲ್ಲಿ ಪಾತ್ರೆಯನ್ನು ಖಾಲಿ ಹಿಂತಿರುಗಿಸುವ ಪದ್ಧತಿಯಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಸೂತಕದ ಮನೆಯಿಂದ ಮಾತ್ರ ಖಾಲಿ ಪಾತ್ರೆ ಬರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಅಮ್ಮ ಹೋದಮೇಲೂ ಆ ಮಾತು ಡಬ್ಬಿಯ ಜೊತೆಗೇ ಓಡಾಡಿಕೊಂಡಿತ್ತು.

ಕಲೂರಿನಲ್ಲಿ ಡಿಸೆಂಬರ್ ಬರುವುದು ನಕ್ಷತ್ರಗಳ ಮೂಲಕ. ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳನ್ನು ಗೊಂಚಲುಗೊಂಚಲಾಗಿ ತೂಗುಹಾಕುತ್ತಾರೆ. ಬಸ್ಸೊಂದು ಹಾದುಹೋದರೆ ಎಲ್ಲವೂ ಒಟ್ಟಿಗೆ ಒಂದು ಕಡೆಗೆ ಮುಖ ತಿರುಗಿಸಿ, ಮತ್ತೆ ನಿಧಾನವಾಗಿ ಹಿಂದಿರುಗುತ್ತವೆ. ಆಮೇಲೆ ಬೇಕರಿಗಳು ಮೇಜುಗಳನ್ನು ಹೊರಗೆ ತಂದು ಕೇಕಿನ ಪೆಟ್ಟಿಗೆಗಳನ್ನು ಗೋಡೆಯಂತೆ ಪೇರಿಸುತ್ತವೆ. ನಾನು ದಿನಾ ಸಂಜೆ ಸ್ಟೇಡಿಯಮ್ಮಿನ ಕಡೆ ನಡೆಯಲು ಹೋಗುತ್ತಿದ್ದೆ. ಚಹಾದ ಅಂಗಡಿಯಲ್ಲಿ ನೇಂದ್ರ ಬಾಳೆಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವ ಜಾಗ ಬಂದಾಗ ರಸ್ತೆಯ ಆ ಬದಿಗೆ ದಾಟುತ್ತಿದ್ದೆ. ಗಾಳಿ ಆ ಬದಿಗೇ ಬೀಸುತ್ತಿತ್ತು.

ಎದುರಿನ ಫ್ಲ್ಯಾಟಿನವರನ್ನು ನಾನು ಚೇಚಿ ಎನ್ನುತ್ತೇನೆ, ಮಲಯಾಳದಲ್ಲಿ ಅಕ್ಕ ಎಂದು; ಅವರು ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಕ್ರಿಸ್‌ಮಸ್ ಕೇಕಿಗೆಂದು ಮಳೆಗಾಲದಲ್ಲೇ ಒಣಹಣ್ಣುಗಳನ್ನು ರಮ್ಮಿನಲ್ಲಿ ನೆನೆಹಾಕಿ ಮಂಚದ ಕೆಳಗೆ ಇಡುವವರು. ಮೊದಲ ಕೇಕು ಒಲೆಯಿಂದ ಇಳಿದ ದಿನ ತಟ್ಟೆ ಹಿಡಿದು ಬಂದರು.

“ನಾಳೆ ತಿಂತೀನಿ ಚೇಚಿ,” ಎಂದೆ.

“ನಾಳೆ ಯಾಕೆ? ಬಿಸಿ ಇರುವಾಗ ನನ್ನ ಕಣ್ಣೆದುರಿಗೆ ತಿನ್ನು. ಎಂದಾ ಮೋಳೇ, ನನ್ನ ಕೇಕ್ ವೇಂಡೇ?”

‘ಮಗಳೇ, ನನ್ನ ಕೇಕ್ ಬೇಡವಾ’ ಎಂದು ಅಷ್ಟು ವಯಸ್ಸಾದವರು ಕೇಳಿದರೆ ಏನು ಹೇಳುವುದು? ನಿಜ ಹೇಳುವ ಹಾಗಿರಲಿಲ್ಲ. ಯಾರಿಗೂ ಹೇಳಕೂಡದು ಎಂದು ಅಕ್ಕ ನನ್ನಿಂದ ಮಾತು ತೆಗೆದುಕೊಂಡಿದ್ದಳು. ‘ನಾಳೆ ನೀನು ಮನಸ್ಸು ಬದಲಾಯಿಸಿದ್ರೆ ಯಾರೂ ನಿನ್ನ ಆಡ್ಕೋಬಾರದು’ ಎನ್ನುವುದು ಅವಳ ವಾದ. ನಾನು ಡಯಟ್ ಎಂದೆ. ಚೇಚಿ ಸೊಂಟಕ್ಕೆ ಕೈಯಿಟ್ಟು ನಕ್ಕರು. “ಡಯಟ್ಟಾ? ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ?” ಬಟ್ಟಲ ಕಣ್ಣುಗಳಿಂದ ನನ್ನ ಬಾಯನ್ನೇ ನೋಡುತ್ತಾ ನಿಂತರು. ಉಗುರಿನಷ್ಟು ಮುರಿದು ಬಾಯಿಗೆ ಹಾಕಿಕೊಂಡೆ. ಅವರು ಹೋದಮೇಲೆ ಉಳಿದದ್ದನ್ನು ಮಗಳು, ನಮ್ಮವರು ಹಂಚಿಕೊಂಡರು. ಆ ತಿಂಗಳು ನನ್ನ ಪಾಲಿನದೆಲ್ಲ ಹಾಗೇ ನಮ್ಮವರ ಹೊಟ್ಟೆ ಸೇರಿ, ಅವರ ಪ್ಯಾಂಟಿನ ಗುಂಡಿ ಒಂದು ದಿನ ಆಫೀಸಿನಲ್ಲೇ ಹಾರಿತು.

ಬೇಡ ಎನ್ನಲು ಬರದಿರುವುದು ನನ್ನ ಬಾಲ್ಯದ ಅಭ್ಯಾಸ. ಕಾನ್ವೆಂಟಿನಲ್ಲಿ ಊಟದ ಹೊತ್ತಿಗೆ ಸಿಸ್ಟರ್ ಒಬ್ಬರು ಬೆಂಚುಗಳ ನಡುವೆ ಓಡಾಡುತ್ತಾ, ಕೊಟ್ಟದ್ದನ್ನು ನಗುಮುಖದಿಂದ ತೆಗೆದುಕೋ, ತೆಗೆದುಕೊಂಡದ್ದನ್ನು ಮುಗಿಸು ಎನ್ನುತ್ತಿದ್ದರು. ಡಿಸೆಂಬರಿನಲ್ಲಿ ಶಾಲೆ ಮುಚ್ಚುವ ದಿನ ಪ್ರತಿಯೊಬ್ಬರಿಗೂ ಟಿಶ್ಯೂ ಕಾಗದದಲ್ಲಿ ಸುತ್ತಿದ ಒಂದು ತುಂಡು ಕೇಕು. ಅಕ್ಕ ದೊಡ್ಡ ಕ್ಲಾಸು, ನಾನು ಚಿಕ್ಕ ಕ್ಲಾಸು. ಗೇಟಿನ ಹತ್ತಿರ ಕಾಯುತ್ತಾ ನಿಂತಿರುತ್ತಿದ್ದಳು, ತನ್ನ ತುಂಡನ್ನು ಬಿಚ್ಚದೆ ಹಿಡಿದುಕೊಂಡು. “ನಂಗೆ ಸೇರಲ್ಲ, ನೀನೇ ತಿನ್ನು ಪುಟ್ಟಿ.” ಅವಳಿಗೆ ಕೇಕು ಬಹಳ ಇಷ್ಟ ಎಂದು ನನಗೆ ಗೊತ್ತಾದದ್ದು ಅವಳ ಮದುವೆಯ ನಂತರ, ಭಾವನ ಬಾಯಿಂದ.

ಡಿಸೆಂಬರಿನ ಮೊದಲ ವಾರದಲ್ಲಿ ಬಂದ ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ ಇತ್ತು. ನಾನು ಫೋನಿನಲ್ಲಿ ಜಗಳವಾಡಿದೆ.

“ಅಕ್ಕ, ಡಾಕ್ಟ್ರು ಹೇಳಿದ್ದು ಕೇಳಿಸ್ಕೊಂಡಿದೀಯ ತಾನೆ?”

“ಅಯ್ಯೋ, ಒಂದು ತುಂಡಿಗೆ ಏನಾಗುತ್ತೆ ಬಿಡೇ. ಡಾಕ್ಟ್ರಿಗೇನು ಗೊತ್ತು, ಅವರ ಮನೇಲಿ ಹಬ್ಬ ಮಾಡಲ್ವಾ? ಸ್ಟೂಲ್ ಹಾಕ್ಕೊಂಡು ಕೂತು ನಾನೇ ಪಾಕ ನೋಡಿದೀನಿ. ಕೈ ನಡುಗ್ತಿತ್ತು, ಆದ್ರೂ ನೋಡು ಎಷ್ಟು ಚೆನ್ನಾಗಿ ಬಂದಿದೆ.”

ಕೈ ನಡುಗುತ್ತಿತ್ತು ಎಂದ ಮೇಲೆ ತಿನ್ನದೆ ಇರುವುದು ಹೇಗೆ. ಒಂದು ತುಂಡು ತಿಂದೆ. ಅದರ ಪ್ರಾಯಶ್ಚಿತ್ತವೆಂದು ಸ್ಟೇಡಿಯಮ್ಮಿಗೆ ಇನ್ನೊಂದು ಸುತ್ತು ಹಾಕಿದೆ. ಮುಂದಿನ ಡಬ್ಬಿಯಲ್ಲಿ ಹಾಲುಬಾಯಿ. ಅದರ ಮುಂದಿನದರಲ್ಲಿ ಕೋಡುಬಳೆ, ಕೆಳಗೆ ಕಾಗದ ಹಾಸಿ ಬೇಸನ್ ಉಂಡೆ. ಪ್ರತಿ ಸಲವೂ ಫೋನ್ ಮಾಡಿ ವಿಚಾರಿಸುತ್ತಿದ್ದಳು: “ತಿಂದ್ಯಾ? ಎಷ್ಟು ತಿಂದೆ? ಅವರಿಗೇ ಎಲ್ಲ ಕೊಟ್ಬಿಟ್ಟೆಯೋ?” ತೂಕದ ಯಂತ್ರ ದೇವರ ಎದುರಿನಲ್ಲೂ ಅಲುಗಾಡದೆ ನಿಂತುಬಿಟ್ಟಿತು.

ಒಂದು ದಿನ ನಿಜವಾಗಿಯೇ ಅತ್ತುಬಿಟ್ಟೆ. “ಸಿಹಿ ಕಳಿಸಬೇಡ, ಕೈ ಮುಗೀತೀನಿ,” ಎಂದೆ. “ಸರಿ ಕಣೇ, ಅಳಬೇಡ. ಇನ್ನು ಮೇಲೆ ಡಯಟ್ ಊಟಾನೇ ಕಳಿಸ್ತೀನಿ,” ಎಂದಳು. ಮಾತಿನಂತೆ ನಡೆದುಕೊಂಡಳು. ಮುಂದಿನ ಡಬ್ಬಿಯಲ್ಲಿ ಹುರುಳಿಕಾಯಿ ಪಲ್ಯ, ತೆಳ್ಳಗಿನ ಚಪಾತಿ, ಓಟ್ಸಿನ ನಾಲ್ಕು ಉಂಡೆ. ಅಕ್ಕ ನನ್ನ ಪಕ್ಷಕ್ಕೆ ಬಂದಳು ಎಂದು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆವತ್ತು ಮಧ್ಯಾಹ್ನ ಕೂತುಕೊಂಡು ಊಟ ಮಾಡಿದೆ. ಪಲ್ಯ ಬಹಳ ರುಚಿಯಾಗಿತ್ತು. ಅರ್ಧ ಉಳಿಸಿ ಫ್ರಿಜ್ಜಿನಲ್ಲಿಟ್ಟೆ.

ಮಾರನೆಯ ಬೆಳಿಗ್ಗೆ ಬಟ್ಟಲು ತೆಗೆದರೆ ಹುರುಳಿಕಾಯಿಯ ಸುತ್ತ ಬಿಳಿಯ ಪದರ ಕಟ್ಟಿತ್ತು. ಮೇಣದ ಬತ್ತಿ ಕರಗಿ ತಟ್ಟೆಯಲ್ಲಿ ಗಟ್ಟಿಯಾಗುತ್ತದಲ್ಲ, ಹಾಗೆ. ಚಮಚದಿಂದ ಕೆರೆದೆ, ಮೂಗಿನ ಬಳಿ ಹಿಡಿದೆ. ತುಪ್ಪ. ಚಪಾತಿ ಸುತ್ತಿದ್ದ ಕಾಗದವನ್ನು ಕಸದಿಂದ ಎತ್ತಿ ಕಿಟಕಿಗೆ ಹಿಡಿದರೆ ಹಿಂಬದಿಯ ಅಕ್ಷರಗಳನ್ನೂ ಓದುವಷ್ಟು ಪಾರದರ್ಶಕವಾಗಿತ್ತು. ಓಟ್ಸ್ ಉಂಡೆಯನ್ನು ಬೆರಳಲ್ಲಿ ಒತ್ತಿದೆ. ಬೆರಳು ಹೊಳೆಯಿತು.

ಮಗಳು ಹಿಂದೆ ಬಂದು ನಿಂತವಳು ಬಟ್ಟಲೊಳಗೆ ಇಣುಕಿದಳು. “ವಾವ್. ದೊಡ್ಡಮ್ಮ ಈಸ್ ಟ್ರೈಯಿಂಗ್ ಟು ಫೇಲ್ ಯು,” ಎಂದಳು.

ಅವಳು ಅದನ್ನು ತಮಾಷೆಯಾಗಿ ಅಂದದ್ದು. ನನಗೆ ಮಾತ್ರ ಅದು ನಿಜವೆಂದು ಹೊಳೆಯಿತು. ನನ್ನನ್ನು ಕೊಬ್ಬಿಸಿ, ಸ್ಕ್ಯಾನಿನಲ್ಲಿ ನಪಾಸು ಮಾಡಿಸುವುದು ಅಕ್ಕನ ಯೋಚನೆ. ಆಮೇಲೆ ಎಲ್ಲ ನೆನಪಾಗತೊಡಗಿತು. ‘ಎಷ್ಟು ತಿಂದೆ’ ಎಂದು ಕೇಳುವಾಗ ದನಿಯಲ್ಲಿದ್ದ ಆತುರ. ಸ್ಟೂಲಿನ ಮೇಲೆ ಕೂತು ಪಾಕ ನೋಡುವಷ್ಟು ಹಟ. ನನಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಭಯ ಬಂತು. ಯಾರನ್ನು ಬದುಕಿಸಲು ನಾನು ನಡೆಯುತ್ತಿದ್ದೆನೋ ಅವಳೇ ಎದುರು ದಿಕ್ಕಿಗೆ ಎಳೆಯುತ್ತಿದ್ದರೆ ನಾನು ಗೆಲ್ಲುವುದು ಹೇಗೆ?

ಆ ವಾರ ನಾನು ನೀರುಮಜ್ಜಿಗೆ, ಸೌತೆಕಾಯಿ, ಬೇಯಿಸಿದ ಕಡಲೆಯ ಮೇಲೆ ಬದುಕಿದೆ. ಕ್ರಿಸ್‌ಮಸ್ ದಿನ ಚೇಚಿಯ ಮನೆಯಲ್ಲಿ ಅಪ್ಪಂ, ಸ್ಟ್ಯೂ, ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನು. ನಾನು ಎಲ್ಲರಿಗೂ ಬಡಿಸುವ ಕೆಲಸ ಹಿಡಿದುಕೊಂಡೆ. ಬಡಿಸುವವಳ ತಟ್ಟೆಯನ್ನು ಯಾರೂ ಗಮನಿಸುವುದಿಲ್ಲ ಎಂದು ಆವತ್ತು ಕಲಿತೆ. ಹೊರಡುವಾಗ ಚೇಚಿ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, “ಕ್ಷೀಣಿಚ್ಚು ಪೋಯಲ್ಲೋ!” ಎಂದು ಗಾಬರಿಯಾದರು. ಸೊರಗಿಹೋದೆಯಲ್ಲ ಎಂದು. ನನ್ನ ಜೀವನದಲ್ಲಿ ಅಷ್ಟು ಸಂತೋಷ ಕೊಟ್ಟ ಹೊಗಳಿಕೆ ಇನ್ನೊಂದಿಲ್ಲ. ಆದರೆ ಸೊರಗಿದವಳಿಗೆಂದು ಅವರು ಸಂಜೆ ಇಡೀ ಒಂದು ಕೇಕನ್ನೇ ಕಳಿಸಿಕೊಟ್ಟರು.

ಕ್ರಿಸ್‌ಮಸ್ ಕಳೆದು ಹೊಸ ವರ್ಷಕ್ಕೆ ಮುಂಚೆ ನಾವು ಮೂವರೂ ತಿರುವನಂತಪುರಕ್ಕೆ ಹೋದೆವು. ತಂಪಾನೂರಿನ ಸ್ಟೇಷನ್ನಿನ ಹೊರಗೆ ಭಾವ ಕಾರಿನೊಂದಿಗೆ ಕಾಯುತ್ತಿದ್ದರು. ಅವರ ಶರ್ಟಿನ ಕಾಲರು ಕುತ್ತಿಗೆಗಿಂತ ದೊಡ್ಡದಾಗಿ ಕಂಡಿತು. ಅಕ್ಕನಿಗೆ ಕೊಡಬಾರದ್ದನ್ನು ತಾವೂ ತಿನ್ನದೆ ಅವರೂ ಇಳಿದಿದ್ದರು.

ಮನೆಯಲ್ಲಿ ಅಕ್ಕ ಬಾಗಿಲಿಗೆ ಬಂದಳು. ಪಾದಗಳು ಊದಿದ್ದವು, ಚಪ್ಪಲಿಯ ಪಟ್ಟಿ ಕೂತ ಕಡೆ ಗುಳಿ ಬಿದ್ದಿತ್ತು. ಕಣ್ಣಿನ ಬಿಳಿ ಭಾಗ ಹಳೆಯ ಕಾಗದದ ಬಣ್ಣ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮುಖ ಪೆಚ್ಚಾಯಿತು.

“ಏನೇ ಇದು, ಹೀಗಾಗಿದೀಯ? ಊಟ ಮಾಡ್ತಿಲ್ವಾ?”

“ನೀನು ಕಳಿಸಿದ ಡಯಟ್ ಪಲ್ಯ ತಿಂದೇ ಹೀಗಾಗಿದೀನಿ,” ಎಂದೆ.

ಅವಳು ಕಣ್ಣು ತಪ್ಪಿಸಿ ಮಗಳ ಕೂದಲನ್ನು ಸರಿಮಾಡತೊಡಗಿದಳು.

ಮಧ್ಯಾಹ್ನ ನನ್ನ ತಟ್ಟೆಗೆ ಕೇಳದೆ ಪಾಯಸ ಬಂತು. ನಾನು ಅದನ್ನು ಪಕ್ಕಕ್ಕೆ ಸರಿಸಿದೆ. ಅಕ್ಕ ಮತ್ತೆ ಮುಂದಕ್ಕೆ ಸರಿಸಿದಳು. ನಾನು ಮತ್ತೆ ಸರಿಸಿದೆ. ಭಾವ, ನಮ್ಮವರು ಇಬ್ಬರೂ ತಲೆಯೆತ್ತದೆ ಊಟ ಮಾಡುತ್ತಿದ್ದರು. ಕೊನೆಗೆ ನಮ್ಮವರೇ ಕೈಚಾಚಿ ಬಟ್ಟಲನ್ನು ಎತ್ತಿಕೊಂಡು, “ನಂಗೇ ಕೊಡಿ ಅತ್ತಿಗೆ, ಈ ತಿಂಗಳು ನಾನೇ ಇವಳ ಬದಲಿ,” ಎಂದರು.

ಸಂಜೆ ಭಾವ, “ಮನೇಲಿ ಉಸಿರು ಕಟ್ಟುತ್ತೆ, ಸಮುದ್ರದ ಕಡೆ ಹೋಗಿ ಬರೋಣ,” ಎಂದರು. ವಿಳಿಂಜಂ ಕಡೆಗೆ ಹೋದೆವು. ಮಗಳು ಮತ್ತು ನಮ್ಮವರು ಮೀನುದೋಣಿಗಳನ್ನು ನೋಡಲು ಕೆಳಗಿಳಿದರು. ಅಕ್ಕನಿಗೆ ಇಳಿಯಲಾಗದು, ಅವಳು ಕಾರಿನ ಬಾಗಿಲು ತೆರೆದುಕೊಂಡು ಕೂತಳು, ನಾನು ಪಕ್ಕದ ತಗ್ಗು ಗೋಡೆಯ ಮೇಲೆ. ದೂರದಲ್ಲಿ ಹೊಸ ಬಂದರಿನ ಎತ್ತರದ ಕ್ರೇನುಗಳು, ಅವುಗಳ ಕೆಳಗೆ ಒಂದು ಹಡಗು, ಅದರ ತುಂಬ ಬಣ್ಣಬಣ್ಣದ ಕಂಟೇನರುಗಳು.

“ಎಷ್ಟು ಡಬ್ಬಿ ನೋಡು,” ಎಂದಳು ಅಕ್ಕ. “ಏನೇನು ತುಂಬಿಸಿರ್ತಾರೋ.”

“ಎಲ್ಲದರಲ್ಲೂ ತುಂಬಿರಲ್ಲ,” ಎಂದರು ಭಾವ, ಕಾರಿಗೆ ಒರಗಿ. “ಖಾಲೀನೂ ಹೋಗ್ತವೆ. ಸಾಮಾನು ಇಳಿಸಿದ ಮೇಲೆ ಬರೀ ಡಬ್ಬಿಗಳನ್ನೇ ವಾಪಸ್ ಸಾಗಿಸ್ತಾರೆ.”

“ಖಾಲಿ ಕಳಿಸ್ತಾರಾ? ನಾಚಿಕೆ ಆಗಲ್ವಾ ಅವರಿಗೆ?”

“ಇನ್ನೊಂದು ಸಲ ತುಂಬಿಸ್ಬೇಕಲ್ಲಮ್ಮ, ಅದಕ್ಕೆ,” ಎಂದು ಹೇಳಿ ಭಾವ ಚಹಾ ತರಲು ಹೋದರು. ನಮ್ಮಿಬ್ಬರನ್ನು ಬಿಟ್ಟುಹೋಗಬೇಕೆಂದೇ ಹೋದರು ಅನ್ನಿಸಿತು.

ನಾನು ಗೋಡೆಯಿಂದ ಎದ್ದೆ, ಕೂತೆ, ಮತ್ತೆ ಎದ್ದೆ.

“ಪಲ್ಯಕ್ಕೆ ಎಷ್ಟು ತುಪ್ಪ ಸುರಿದೆ?”

“ಏನೋ ಒಂದು ಸೌಟು.”

“ಅಕ್ಕ.”

“ಎರಡು ಸೌಟು. ಈಗೇನು?” ಅವಳ ದನಿ ಒಮ್ಮೆಗೇ ಏರಿತು. “ಹೊಟ್ಟೆ ಕುಯ್ಯಿಸ್ಕೊಳ್ಳೋಕೆ ಅಷ್ಟು ಆತುರಾನಾ ನಿಂಗೆ? ಚೆನ್ನಾಗಿರೋ ಮೈ. ನಿಂಗೇನಾದ್ರೂ ಆದ್ರೆ ಆ ಹುಡುಗಿ ಮುಖ ನಾನು ಹೇಗೆ ನೋಡ್ಲಿ? ‘ದೊಡ್ಡಮ್ಮ ಬದುಕೋಕೋಸ್ಕರ’ ಅಂತ ಅವಳು ಅಂದ್ಕೊಳ್ಳಲ್ವಾ? ಬೇಡ ಅಂತ ಬಾಯಿಬಿಟ್ಟು ಹೇಳಿದ್ರೆ ನೀನು ಕೇಳಲ್ಲ, ನಿಮ್ಮ ಭಾವ ಕೇಳಲ್ಲ. ಆ ಡಾಕ್ಟ್ರೇ ಬೇಡ ಅಂದ್ರೆ ಎಲ್ಲರೂ ಸುಮ್ಮನಾಗ್ತೀರ. ನಂಗೆ ತೋಚಿದ್ದು ಅದು.”

“ಅಂದ್ರೆ ಕಾನ್ವೆಂಟ್ ಗೇಟಲ್ಲಿ ಮಾಡ್ತಿದ್ದೆಯಲ್ಲ, ಅದನ್ನೇ ಇಲ್ಲೂ ಮಾಡ್ತಿದೀಯ. ನಂಗೆ ಸೇರಲ್ಲ, ನೀನೇ ತಿನ್ನು ಅಂತ.”

ಅವಳು ನನ್ನ ಕಡೆ ತಿರುಗಿದಳು.

“ನಿಂಗೆ ಕೇಕ್ ಇಷ್ಟ ಅಂತ ನಂಗೆ ಗೊತ್ತಿರ್ಲಿಲ್ಲ,” ಎಂದೆ. “ಗೊತ್ತಿದ್ದಿದ್ರೆ ಅರ್ಧ ಕೊಡ್ತಿದ್ದೆ. ಯಾವತ್ತೂ ನೀನು ನಂಗೆ ಕೊಡೋಕೆ ಬಿಡ್ಲಿಲ್ಲ. ಈಗಲೂ ಬಿಡ್ತಿಲ್ಲ. ನಾನು ಎಷ್ಟು ನಡೆದಿದೀನಿ ಗೊತ್ತಾ? ಕನಸಲ್ಲೂ ನಡೀತೀನಿ. ನೀನೊಬ್ಬಳು ಒಂದು ಡಬ್ಬಿ ಕಳಿಸಿ ಎಲ್ಲಾನೂ ವಾಪಸ್ ತಂದು ಹಾಕ್ತೀಯ.”

ಕೆಳಗೆ ದೋಣಿಯವರು ಬಲೆ ಮಡಚುತ್ತಾ ಏನೋ ಕೂಗಿಕೊಳ್ಳುತ್ತಿದ್ದರು. ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಹಡಗನ್ನೇ ನೋಡಿದಳು. ಅವಳ ಕೈಯ ಮೇಲೆಲ್ಲ ಕೆರೆದುಕೊಂಡ ಗೀರುಗಳಿದ್ದವು. ಆ ಕಾಯಿಲೆಗೆ ಮೈಯೆಲ್ಲ ತುರಿಸುತ್ತದೆ. ಆಮೇಲೆ, “ಗಾಳಿ ಜಾಸ್ತಿಯಾಯ್ತು, ಅವರನ್ನ ಕರಿ,” ಎಂದಳು.

ಮಾರನೆಯ ದಿನ ಹೊರಡುವಾಗ ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದೆ. ಅದರಲ್ಲಿ ನಾನು ಒಯ್ದಿದ್ದ ಪರಂಗಿಹಣ್ಣಿನ ಹೋಳುಗಳಿದ್ದವು.

ಹೊಸ ವರ್ಷ ಬಂತು, ಪಟಾಕಿಗಳು ಸಿಡಿದವು, ಬೇಕರಿಗಳು ಉಳಿದ ಕೇಕುಗಳನ್ನು ಒಂದಕ್ಕೊಂದು ಉಚಿತ ಎಂದು ಬರೆದು ಇಟ್ಟವು. ನಾನು ನಡೆದೆ. ಅಕ್ಕನ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ಭಾವನ ಜೊತೆ ಮಾತ್ರ ಎರಡು ಮಾತು: ಹೇಗಿದ್ದಾಳೆ, ಹಾಗೇ ಇದ್ದಾಳೆ. ಸ್ಕ್ಯಾನಿಗೆ ಹೋದರೂ ಅಕ್ಕನೇ ಆಸ್ಪತ್ರೆಗೆ ಬರಲೊಪ್ಪದಿದ್ದರೆ ಏನು ಮಾಡುವುದು ಎಂಬ ಯೋಚನೆ ಮೆಟ್ಟಿನಲ್ಲಿ ಸೇರಿದ ಕಲ್ಲಿನಂತೆ ಪ್ರತಿ ಹೆಜ್ಜೆಗೂ ಚುಚ್ಚುತ್ತಿತ್ತು. ಒಂದು ಸಂಜೆ ಸ್ಟೇಡಿಯಮ್ಮಿನ ಹತ್ತಿರ ನಿಂತುಬಿಟ್ಟೆ, ಯಾಕೆ ನಡೆಯುತ್ತಿದ್ದೇನೆ ಎಂದು. ಹಿಂದಿನಿಂದ ಬಂದವರು ತಾಗಿ ಮುಂದೆ ಹೋದರು. ಮತ್ತೆ ನಡೆದೆ.

ಸ್ಕ್ಯಾನಿಗೆ ಒಂದು ವಾರವಿರುವಾಗ ನಮ್ಮವರು ಕೆಲಸಕ್ಕೆಂದು ತಿರುವನಂತಪುರಕ್ಕೆ ಹೋಗಿ ಬಂದರು. ಬಂದವರು ಬ್ಯಾಗನ್ನು ಎಂದಿನಂತೆ ಊಟದ ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದರು. ಡಬ್ಬಿ ತೆಗೆಯಲು ಕೈಹಾಕಿದೆ. ಭಾರಕ್ಕೆಂದು ಸಿದ್ಧವಾಗಿದ್ದ ಕೈ ಒಮ್ಮೆಗೇ ಮೇಲೆ ಹಾರಿತು. ಅಷ್ಟು ಹಗುರ. ಕ್ಲಿಪ್ಪು ಬಿಚ್ಚಿದೆ. ತೊಳೆದು ಒರೆಸಿದ ಸ್ಟೀಲು, ಒಳಗೆ ನನ್ನ ಮುಖ ಉದ್ದವಾಗಿ ಕಂಡಿತು. ಒಂದು ಕಾಳು ಸಕ್ಕರೆಯೂ ಇರಲಿಲ್ಲ. ಬೆರಳಿನಿಂದ ಮೂಲೆಗಳನ್ನೆಲ್ಲ ಸವರಿ ನೋಡಿದೆ.

ಅಮ್ಮನ ಮಾತು ಕಿವಿಯಲ್ಲೇ ಹೇಳಿದ ಹಾಗೆ ಕೇಳಿಸಿತು.

“ರೀ! ಅಕ್ಕ ಹೇಗಿದ್ಲು? ನೀವೇ ನೋಡಿದ್ರಾ?”

“ಮಲಗಿದ್ರು. ಭಾವನೇ ಡಬ್ಬಿ ತಂದ್ಕೊಟ್ರು. ಯಾಕೆ?”

ಅಕ್ಕನ ನಂಬರಿಗೆ ಮಾಡಿದೆ. ಎತ್ತಲಿಲ್ಲ. ಭಾವನಿಗೆ ಮಾಡಿದೆ. ಅವರೂ ಎತ್ತಲಿಲ್ಲ. ಹಜಾರ, ಅಡುಗೆಮನೆ, ಹಜಾರ. ಸಂಬಂಧವನ್ನೇ ಕಡಿದುಕೊಂಡಳು ಎಂದುಕೊಂಡೆ. ಇಲ್ಲ, ಏನೋ ಆಗಿದೆ, ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ಮಗಳು ಕೋಣೆಯಿಂದ ಬಂದು ನನ್ನ ಕೈಯಿಂದ ಡಬ್ಬಿಯನ್ನು ಇಸಿದುಕೊಂಡು, ಮಗುಚಿ ನೋಡಿ, ಮೇಜಿನ ಮೇಲಿಟ್ಟು, ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ಅಷ್ಟು ಹೊತ್ತಿಗೆ ಫೋನ್ ಬಂತು. ಅಕ್ಕ.

“ಸ್ನಾನಕ್ಕೆ ಹೋಗಿದ್ದೆ ಕಣೇ. ಎಷ್ಟು ಸಲ ಮಾಡಿದೀಯ! ಮನೆಗೆ ಬೆಂಕಿ ಬಿದ್ದ ಹಾಗೆ.”

“ಡಬ್ಬಿ… ಖಾಲಿ…”

“ಹೂಂ, ಖಾಲೀನೇ.”

“ಸಕ್ಕರೆ ಕೂಡ ಹಾಕಿಲ್ಲ.”

“ಸಕ್ಕರೆ ಹಾಕಿದ್ರೆ ನೀನು ಜಗಳ ಆಡ್ತೀಯಲ್ಲ.” ಉಸಿರು ತೆಗೆದುಕೊಳ್ಳಲು ಸ್ವಲ್ಪ ನಿಲ್ಲಿಸಿದಳು. ಈಗೀಗ ಮಾತಿನ ನಡುವೆ ಹಾಗೆ ನಿಲ್ಲಿಸುತ್ತಿದ್ದಳು. “ಬೆಳಿಗ್ಗೆಯಿಂದ ನಾಲ್ಕು ಸಲ ಏನೇನೋ ತುಂಬಿಸಿ ತೆಗೆದೆ. ಅಮ್ಮ ಬೈತಾಳೆ ಅನ್ನಿಸ್ತು. ಬೈದ್ರೆ ಬೈಲಿ. ಕೊನೇಗೆ ಹಾಗೇ ಮುಚ್ಚಿ ಕಳಿಸ್ದೆ. ಹೋಗು, ತೋರಿಸ್ಕೊ. ಡಾಕ್ಟ್ರು ಏನು ಹೇಳ್ತಾರೋ ಹೇಳಲಿ. ನಾನು ಅಡ್ಡ ಬರಲ್ಲ.”

ನಾನು ಡಬ್ಬಿಯ ಮುಚ್ಚಳದ ತಗ್ಗನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದೆ.

“ಕೇಳಿಸ್ತಾ? ಇದ್ದೀಯಾ ಪುಟ್ಟಿ?”

“ಇದ್ದೀನಿ.”

“ಮತ್ತೆ ನಡೀತಿದೀಯ ಅಲ್ವಾ? ಉಸಿರು ಕೇಳಿಸ್ತಿದೆ. ಕೂತ್ಕೊಳ್ಳೇ ಒಂದು ನಿಮಿಷ.”

ಕೂತೇ ಇದ್ದೆ. ಅದು ನಡೆದ ಉಸಿರಲ್ಲ.

ಸ್ಕ್ಯಾನಿನ ದಿನ ಬೆಳಗಿನ ರೈಲಿಗೆ ಹೊರಡುವಾಗ ಡಬ್ಬಿ ನನ್ನ ಮುಂದಿತ್ತು. ಖಾಲಿ ಹಿಂತಿರುಗಿಸುವ ಧೈರ್ಯ ನನಗೆ ಬರಲಿಲ್ಲ. ಅಕ್ಕನಿಗೆ ಉಪ್ಪಿಲ್ಲ, ನನಗೆ ಸಿಹಿಯಿಲ್ಲ, ಇಬ್ಬರಿಗೂ ಎಣ್ಣೆಯಿಲ್ಲ. ಬಾಲ್ಕನಿಗೆ ಹೋಗಿ ಕುಂಡದಲ್ಲಿದ್ದ ಕರಿಬೇವಿನ ಗಿಡದಿಂದ ಎಳೆಯ ಎಸಳುಗಳನ್ನು ಮುರಿದು ಡಬ್ಬಿಗೆ ತುಂಬಿದೆ. ಎತ್ತಿ ನೋಡಿದರೆ ಖಾಲಿಯಿದ್ದಾಗ ಎಷ್ಟು ಹಗುರವಿತ್ತೋ ಅಷ್ಟೇ ಹಗುರ.

ಆಸ್ಪತ್ರೆಯ ಯಂತ್ರದಲ್ಲಿ ಐದು ಕಿಲೋ ತುಂಬಿರಲಿಲ್ಲ, ಸ್ವಲ್ಪ ಕಡಿಮೆಯೇ ಇಳಿದಿದ್ದೆ. ನರ್ಸ್ ಬರೆದುಕೊಳ್ಳುವಾಗ ನಾನು ನೆಲದ ಟೈಲುಗಳನ್ನು ನೋಡುತ್ತಿದ್ದೆ. ಸ್ಕ್ಯಾನ್ ಆಯಿತು. ನಾವು ಹೊರಗೆ ಕಾದೆವು. ನಾನು ಕಾರಿಡಾರಿನ ಉದ್ದಕ್ಕೂ ನಡೆದೆ, ನಮ್ಮವರು ನನ್ನ ಪಕ್ಕದಲ್ಲೇ ನಡೆದರು. ಒಳಗೆ ಕರೆದಾಗ ಡಾಕ್ಟರು ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಹಿಂದೆ ಮುಂದೆ ನೋಡಿದರು. “ಚೆನ್ನಾಗಿದೆ. ಇದನ್ನು ತೆಗೆದುಕೊಳ್ಳಬಹುದು,” ಎಂದರು. ನಮ್ಮವರು ನನ್ನ ಮೊಣಕೈ ಹಿಡಿದುಕೊಂಡರು. ಅಷ್ಟು ದಿನ ಸ್ಕ್ಯಾನಿನ ಭಯದ ಹಿಂದೆ ಅಡಗಿದ್ದ ಇನ್ನೊಂದು ಭಯ, ಚಾಕುವಿನದು, ಆಗ ಮೊದಲ ಬಾರಿಗೆ ಎದುರಿಗೆ ಬಂದು ನಿಂತಿತು.

ಅಕ್ಕನ ಮನೆಗೆ ಹೋದಾಗ ಭಾವನ ಫೋನಿನಿಂದ ಅವಳಿಗೆ ವಿಷಯ ತಿಳಿದಿತ್ತು. ಬಾಗಿಲಿಗೆ ಬರಲಿಲ್ಲ. ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ನಾನು ಡಬ್ಬಿಯನ್ನು ಅವಳ ಮಡಿಲಲ್ಲಿಟ್ಟೆ. ಕ್ಲಿಪ್ಪು ಬಿಚ್ಚಿ, ಬಗ್ಗಿ ವಾಸನೆ ನೋಡಿದಳು.

“ಕರಿಬೇವು.”

“ಬಾಲ್ಕನೀದು.”

“ಒಗ್ಗರಣೆ ಹಾಕೋ ಮನೆಗೆ ತಂದಿದ್ರೆ ಸರಿ. ಎಣ್ಣೆ ಮುಟ್ಟದೇ ಇರೋರ ಮನೆಗೆ ಒಂದು ಡಬ್ಬಿ ಕರಿಬೇವು!”

“ಮಜ್ಜಿಗೆಗೆ ಹಾಕು.”

ಎರಡು ಎಸಳನ್ನು ಅಂಗೈಯಲ್ಲಿ ಹೊಸಕಿ ಮಜ್ಜಿಗೆಗೆ ಹಾಕಿ ಕಲಕಿದಳು. ಉಪ್ಪಿಲ್ಲದ ಮಜ್ಜಿಗೆ. ಎರಡು ಲೋಟಕ್ಕೆ ಬಗ್ಗಿಸಿದಳು. ನಾನು ಪಾತ್ರೆ ಹಿಡಿಯಲು ಹೋದರೆ ಬಿಡಲಿಲ್ಲ. ಎಂದಿನ ಅಭ್ಯಾಸದಂತೆ ನನ್ನ ಲೋಟಕ್ಕೆ ಒಂದು ಬೆರಳು ಹೆಚ್ಚೇ ಬಿತ್ತು. ಅದನ್ನು ನನ್ನ ಕಡೆ ಸರಿಸಿದವಳು ಕೈಯನ್ನು ಹಿಂದೆ ತೆಗೆಯಲಿಲ್ಲ. ಎರಡು ಲೋಟಗಳನ್ನೂ ಅಕ್ಕಪಕ್ಕದಲ್ಲಿಟ್ಟು, ತಲೆ ಓರೆ ಮಾಡಿ ನೋಡಿದಳು. ಆಮೇಲೆ ನನ್ನ ಲೋಟವನ್ನೆತ್ತಿ, ಹೆಚ್ಚಾಗಿದ್ದಷ್ಟನ್ನು ತನ್ನ ಲೋಟಕ್ಕೆ ಸುರಿದುಕೊಂಡಳು.

“ಇಷ್ಟು ನಂಗೆ,” ಎಂದು ಕುಡಿದಳು.